ಹೆಸರು ಎರಡು, ನೆನಪು ಒಂದೇ

ಕಳೆದ ಬೇಸಿಗೆಯಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಗೆಳೆಯನ ಕೋಣೆಯಲ್ಲಿ ಆರು ಜನ ಸೇರಿ ವ್ಯಾಲ್‌ಹೈಮ್ ಎಂಬ ಕಂಪ್ಯೂಟರ್ ಆಟ ಆಡುತ್ತಿದ್ದೆವು. ಆಟದೊಳಗೆ ಮೂರು ಸಂಜೆ ಕಾಡು ಅಲೆದು ತಾಮ್ರದ ಗುಡ್ಡೆಯೊಂದನ್ನು ಕಂಡುಹಿಡಿದು, ತಲೆಗಿಷ್ಟು ಎಂದು ಪಾಲು ಗೊತ್ತುಮಾಡಿದ್ದೆವು. ನಾಲ್ಕನೆಯ ಸಂಜೆ ಹೋದರೆ ಅಲ್ಲಿ ಬರೀ ಗುಂಡಿ. ನಮ್ಮಲ್ಲೇ ಒಬ್ಬ ಬೇರೆ ಹೆಸರಿನ ಎರಡನೇ ಪಾತ್ರ ಮಾಡಿಕೊಂಡು ಅಗೆದೊಯ್ದಿದ್ದ. ಕೇಳಿದಾಗ ಒಪ್ಪಿಕೊಂಡು ಪರದೆಯನ್ನೇ ತಿರುಗಿಸಿದ. ಪಾತ್ರ ಕಾಲಿಡದ ಜಾಗ ನಕ್ಷೆಯಲ್ಲಿ ಮಂಜು ಮುಸುಕಿಕೊಂಡಿರುತ್ತದೆ; ಹೊಸ ಪಾತ್ರದ ನಕ್ಷೆಯೆಲ್ಲ ಮಂಜು. ಅದರ ನಡುವೆ ಸೀಳಿದಂತೆ ಒಂದೇ ಸಪೂರ ದಾರಿ, ಅದೂ ನೆಟ್ಟಗೆ ತಾಮ್ರದ ಗುಡ್ಡೆಗೆ.

ಆ ಗೆರೆಯಲ್ಲಿ ಇಡೀ ಸಮಸ್ಯೆ ಕಾಣುತ್ತದೆ. ಬದುಕುಳಿಯುವ ಆಟಗಳಲ್ಲಿ ನಿಜವಾಗಿ ದುಬಾರಿಯಾದದ್ದು ಅದಿರಲ್ಲ, ಅದಿರು ಎಲ್ಲಿದೆ ಎಂಬ ಅರಿವು. ಪಾತ್ರದ ಚೀಲ ಬರಿದಾಗಿರಬಹುದು, ಆಡುವವನ ತಲೆ ಬರಿದಾಗಿರುವುದಿಲ್ಲ. ಬೀದರಿನ ಬಿದರಿ ಕುಶಲಕರ್ಮಿಗಳು ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ಗುರುತಿಸುತ್ತಾರೆ. ಅವರು ಬೇರೆ ಹೆಸರಿಟ್ಟುಕೊಂಡರೂ ನಾಲಿಗೆ ಅದೇ ತಾನೆ?

ಮೊದಲ ದಿನಗಳಲ್ಲಿ ಇದು ಇಷ್ಟು ಕಾಡಲಿಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಬೆಳೆಸಿದ ಮಡ್ ಎಂಬ ಅಕ್ಷರಗಳ ಆಟದಲ್ಲಿ ಲೋಕವೇ ಆಗಾಗ ಮೊದಲಿನ ಸ್ಥಿತಿಗೆ ಮರಳುತ್ತಿತ್ತು, ನಿಧಿ ಮತ್ತೆ ಬರುತ್ತಿತ್ತು. 1997ರ ಅಲ್ಟಿಮಾ ಆನ್‌ಲೈನ್‌ನಂಥ ಅಳಿಯದ ಲೋಕಗಳು ಬಂದ ಮೇಲೆ ತಿಕ್ಕಾಟ ಜೋರಾಯಿತು. ಇಂದು ಕಂಡ ಜಾಗ ನಾಳೆಯೂ ಬೆಲೆಬಾಳುವಂತಾದಾಗ ಎರಡನೇ ಪಾತ್ರದ ಆಸೆ ಹುಟ್ಟುವುದು ಸಹಜ.

2003ರ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಎಂಬ ಆಟ ಇದಕ್ಕೆ ಕೊಟ್ಟ ಉತ್ತರ ನನಗೆ ಇಂದಿಗೂ ಅಚ್ಚುಮೆಚ್ಚು. ಆರಂಭದಲ್ಲಿ ಒಂದು ಖಾತೆಗೆ ಒಂದು ಸರ್ವರ್‌ನಲ್ಲಿ, ಅಂದರೆ ಆಟದ ಲೋಕದ ಒಂದು ಪ್ರತಿಯಲ್ಲಿ, ಒಂದೇ ಪಾತ್ರ. ಅದಕ್ಕಿಂತ ಜಾಣತನದ್ದು ಗಣಿಗಳ ವ್ಯವಸ್ಥೆ. ಪ್ರತಿ ಲೋಹದ ಪ್ರತಿ ನೆಲೆಗೂ ತನ್ನದೇ ಹೆಸರು, ತನ್ನದೇ ಗುಣಮಟ್ಟದ ಅಂಕಿಗಳು. ಕೆಲ ಕಾಲವಿದ್ದು ಅದು ಮಾಯವಾಗುತ್ತಿತ್ತು, ಮತ್ತೆಲ್ಲೋ ಬೇರೆ ಗುಣದ್ದು ಹುಟ್ಟುತ್ತಿತ್ತು. ಸಮೀಕ್ಷೆಯ ಉಪಕರಣ ಹಿಡಿದು, ಶೇಕಡಾವಾರು ಸಾಂದ್ರತೆ ನೋಡುತ್ತ ಮತ್ತೆ ನಡೆಯಲೇಬೇಕು. ಹಳೆಯ ನೆನಪು ಹಳಸುತ್ತಿತ್ತು. ಹುಡುಕುವುದೇ ಒಂದು ಕಸುಬಾಗಿ ಉಳಿಯಿತು.

ಮೈನ್‌ಕ್ರಾಫ್ಟ್ ಆಟ ಬೇರೆ ದಾರಿ ಹಿಡಿಯಿತು. ಅಲ್ಲಿ ವಜ್ರಕ್ಕೆ 11ನೇ ಮಟ್ಟಕ್ಕೆ ಇಳಿ ಎಂಬುದು ಮಕ್ಕಳ ಬಾಯಲ್ಲೂ ಇತ್ತು. 2021ರ ನವೆಂಬರ್‌ನ 1.18ನೇ ಆವೃತ್ತಿ ನೆಲದ ತಳವನ್ನು ಮೈನಸ್ 64ರವರೆಗೆ ಇಳಿಸಿದಾಗ ಎಲ್ಲರೂ ಹೊಸದಾಗಿ ಕಲಿಯಬೇಕಾಯಿತು. ರಸ್ಟ್ ಎಂಬ ಆಟ ಇನ್ನೂ ಕಠೋರ. ಪ್ರತಿ ತಿಂಗಳ ಮೊದಲ ಗುರುವಾರ ನಕ್ಷೆ ಅಳಿಯುತ್ತದೆ. ಆಟ ಬಿಟ್ಟು ಹೋದರೂ ಪಾತ್ರದ ದೇಹ ಅಲ್ಲೇ ಮಲಗಿರುತ್ತದೆ, ಯಾರು ಬೇಕಾದರೂ ಕೊಲ್ಲಬಹುದು. ಹಾಗಾಗಿ ಅಲ್ಲಿ ಎರಡನೇ ಪಾತ್ರವೆಂದರೆ ಕಾಯಬೇಕಾದ ಇನ್ನೊಂದು ದೇಹ.

2021ರ ಫೆಬ್ರವರಿಯಲ್ಲಿ ಬಂದ ವ್ಯಾಲ್‌ಹೈಮ್ ಗೆಳೆತನವನ್ನು ನಂಬಿ ಕಟ್ಟಿದ ಆಟ. ಅದಿರನ್ನು ಕ್ಷಣದಲ್ಲಿ ದೂರಕ್ಕೊಯ್ಯುವ ಮಾಯಾದ್ವಾರದಲ್ಲಿ ಸಾಗಿಸಬಾರದು, ಗಾಡಿಯಲ್ಲೋ ದೋಣಿಯಲ್ಲೋ ಹೊತ್ತು ತರಬೇಕು ಎಂಬುದು ಅದರ ಮೂಲ ನಿಯಮ. ಆದರೆ ಪಾತ್ರವೂ ಅದರ ಚೀಲವೂ ಒಂದೆಡೆ, ಲೋಕ ಇನ್ನೊಂದೆಡೆ ಬೇರೆಬೇರೆಯಾಗಿ ದಾಖಲಾಗುವುದರಿಂದ, ಒಬ್ಬಂಟಿಯಾಗಿ ತನ್ನದೇ ಲೋಕದಲ್ಲಿ ಅಗೆದು ಚೀಲ ತುಂಬಿಕೊಂಡು ಗೆಳೆಯರ ಲೋಕಕ್ಕೆ ಬರಬಹುದು. ಮೂರು ಸಂಜೆ ಅಲೆದವರ ಕಾಲಿಗೆ ಅಲ್ಲಿ ಬೆಲೆಯೇ ಇರುವುದಿಲ್ಲ. ಅದೇ ನನಗೆ ನೋವು ಕೊಡುವ ಸಂಗತಿ.

ಎರಡನೇ ಪಾತ್ರವನ್ನು ನಾವು ನಿಷೇಧಿಸಲಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ಗೆಳೆಯನಿಗೆ ಒಬ್ಬನೇ ಆಡಲು ಅದು ಬೇಕು. ಬದಲಿಗೆ ಅಮಾವಾಸ್ಯೆಗೊಮ್ಮೆ ಹೊಸ ಲೋಕ, ಎಲ್ಲರೂ ಹೊಸ ಪಾತ್ರದಲ್ಲಿ ಬರಿಗೈಯಲ್ಲೇ ಬರಬೇಕು ಎಂದು ಗೊತ್ತುಮಾಡಿದೆವು. ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿಗೆ ಕುಳಿತಿದ್ದರಿಂದ ಆ ಬಾರಿ ಮರುದಿನ ರಾತ್ರಿ ಶುರುವಾಯಿತು. ಆರೂ ನಕ್ಷೆಗಳ ಮೇಲೆ ಮಂಜು. ಗುಂಡಿ ತೋಡಿದ್ದ ಗೆಳೆಯನೂ ನಮ್ಮಂತೆಯೇ ಎಡವೋ ಬಲವೋ ಎಂದು ಕೇಳುತ್ತ ನಡೆದ.