ಪೊರೆ ತೆಗೆದಾಯ್ತು, ಅದರ ಹಿಂದಿನ ರೆಟಿನಾ ನೋಡಿಸಿದ್ರಾ?

"ಡಾಕ್ಟ್ರೇ, ಪೊರೆ ಆಪರೇಷನ್ ಆದ ವಾರದಲ್ಲಿ ಎಷ್ಟು ಚೆನ್ನಾಗಿ ಕಾಣ್ತಿತ್ತು. ಈಗ ತಿಂಗಳಾದ ಮೇಲೆ ಯಾಕೋ ಮತ್ತೆ ಮಸುಕು." ಇದನ್ನು ಹೇಳುವವರಿಗೆಲ್ಲ ಒಂದೇ ಅನುಮಾನ, ಪೊರೆ ತೆಗೆದು ಒಳಗೆ ಹಾಕಿದ ಲೆನ್ಸ್ ಸರಿಯಾಗಿ ಕೂತಿಲ್ಲವೇನೋ ಅಂತ. ನೋಡಿದರೆ ಎಷ್ಟೋ ಸಲ ಲೆನ್ಸ್ ತನ್ನ ಜಾಗದಲ್ಲೇ ಇರುತ್ತದೆ. ತೊಂದರೆ ಇರುವುದು ಅದರ ಹಿಂದೆ, ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಚಿತ್ರ ಮೂಡುವ ತೆಳು ಪರದೆಯಲ್ಲಿ.

ರೆಟಿನಾದ ನಟ್ಟನಡುವೆ ಮ್ಯಾಕುಲಾ ಅನ್ನುವ ಪುಟ್ಟ ಜಾಗವಿದೆ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರ ಕೆಲಸ. ಆಪರೇಷನ್ ಆದಾಗ ಕಣ್ಣೊಳಗೆ ಸ್ವಲ್ಪ ಉರಿಯೂತ ಆಗೇ ಆಗುತ್ತದೆ. ಕೆಲವರಲ್ಲಿ ಅದರಿಂದ ಸಣ್ಣ ರಕ್ತನಾಳಗಳು ಜಿನುಗಿ, ಮ್ಯಾಕುಲಾದಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ. 1953ರಲ್ಲಿ ಅರ್ವೈನ್ ಅನ್ನುವ ಕಣ್ಣಿನ ವೈದ್ಯರು ಇದನ್ನು ವಿವರಿಸಿದರು, 1966ರಲ್ಲಿ ಗ್ಯಾಸ್ ಅನ್ನುವ ಇನ್ನೊಬ್ಬ ವೈದ್ಯರು ಆ ರಕ್ತನಾಳಗಳ ಸೋರಿಕೆಯನ್ನು ತೋರಿಸಿದರು. ಅದಕ್ಕೇ ಈಗಲೂ ಇಬ್ಬರ ಹೆಸರಲ್ಲೇ, ಅರ್ವೈನ್-ಗ್ಯಾಸ್ ಸಿಂಡ್ರೋಮ್ ಅಂತ ಕರೆಯುತ್ತೇವೆ. ಇದು ಮರುದಿನವೇ ಬರುವುದಿಲ್ಲ, ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ಕಾಣಿಸಿಕೊಳ್ಳುತ್ತದೆ. ಅಂದರೆ "ಎಲ್ಲ ಚೆನ್ನಾಗಿದೆ, ಇನ್ಯಾಕೆ ಆಸ್ಪತ್ರೆ" ಅಂತ ನಾವು ಸುಮ್ಮನಾಗುವ ಹೊತ್ತಿಗೆ ಸರಿಯಾಗಿ!

ಇದನ್ನು ಹಿಡಿಯುವುದು ಓಸಿಟಿ, ಅಂದರೆ ಬೆಳಕಿನಿಂದಲೇ ರೆಟಿನಾದ ಚಿತ್ರ ತೆಗೆಯುವ ಸ್ಕ್ಯಾನ್. ಯಂತ್ರದ ಮೇಲೆ ಗದ್ದ ಇಟ್ಟು ಒಂದು ಬೆಳಕಿನ ಚುಕ್ಕೆ ನೋಡುತ್ತಾ ಕೂತರೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಸೂಜಿ ಇಲ್ಲ, ಎಕ್ಸ್-ರೇ ಇಲ್ಲ, ನೋವಂತೂ ಇಲ್ಲವೇ ಇಲ್ಲ. ರೆಟಿನಾದ ಪದರಗಳು ಒಂದೊಂದಾಗಿ ಕಾಣುತ್ತವೆ, ಊತ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಂತ ಅಳೆಯಬಹುದು. ಮುಂದಿನ ಸಲ ಇಳಿದಿದೆಯಾ ಅಂತ ಹೋಲಿಸಬಹುದು. ಹೆಚ್ಚಿನವರಿಗೆ ಡ್ರಾಪ್ಸ್‌ನಲ್ಲೇ ಕಡಿಮೆಯಾಗುತ್ತದೆ, ಆದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಕಬೇಕು. ಸ್ವಲ್ಪ ಸ್ಪಷ್ಟ ಕಂಡಿತು ಅಂತ ನೀವೇ ನಿಲ್ಲಿಸಬೇಡಿ, ದಯವಿಟ್ಟು.

ಸಕ್ಕರೆ ಕಾಯಿಲೆ ಇದ್ದವರಿಗೆ ಇದರ ಅಪಾಯ ಜಾಸ್ತಿ. ಅವರ ವಿಷಯದಲ್ಲಿ ಇನ್ನೊಂದು ಮಾತಿದೆ. ಪೊರೆ ದಟ್ಟವಾಗಿದ್ದಾಗ ನಮಗೂ ಒಳಗಿನದು ಕಾಣುವುದಿಲ್ಲ. ಆಗ ಬಿ-ಸ್ಕ್ಯಾನ್, ಅಂದರೆ ಕಣ್ಣಿನ ಅಲ್ಟ್ರಾಸೌಂಡ್ ಮಾಡುತ್ತೇವೆ, ಅದು ರೆಟಿನಾ ಕಳಚಿದೆಯಾ ಅನ್ನುವಂಥ ದೊಡ್ಡ ವಿಷಯ ಹೇಳುತ್ತದೆ, ಮ್ಯಾಕುಲಾದ ಸೂಕ್ಷ್ಮ ಹೇಳುವುದಿಲ್ಲ. ಹಾಗಾಗಿ ಎಷ್ಟೋ ಜನರ ರೆಟಿನಾವನ್ನು ನಾವು ಮೊದಲ ಸಲ ಸರಿಯಾಗಿ ನೋಡುವುದೇ ಆಪರೇಷನ್ ಆದ ಮೇಲೆ. ಹಳೆಯ ಸಕ್ಕರೆಯ ಹಾನಿ, ವಯಸ್ಸಿನ ಸವೆತ ಆಗಷ್ಟೇ ಹೊರಬೀಳುತ್ತವೆ.

ಪಾಪೆ ಅಗಲಿಸುವ ಡ್ರಾಪ್ಸ್ ಅಂದರೆ ಜನಕ್ಕೆ ಬೇಜಾರು, ನನಗೆ ಗೊತ್ತು. ಕೆಲವು ಗಂಟೆ ಹತ್ತಿರದ್ದು ಮಸುಕು, ಬೆಳಕು ಚುಚ್ಚುತ್ತದೆ, ಗಾಡಿ ಓಡಿಸುವ ಹಾಗಿಲ್ಲ. ಆದರೆ ಅದನ್ನು ಹಾಕದೆ ರೆಟಿನಾದ ಅಂಚು ಸರಿಯಾಗಿ ನೋಡಲು ಆಗುವುದಿಲ್ಲ, ಹರಿದರೆ ಸಾಮಾನ್ಯವಾಗಿ ಹರಿಯುವುದು ಆ ಅಂಚಿನ ಕಡೆಯೇ. ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ, ಅಷ್ಟೇ.

ರೆಟಿನಾ ಕಳಚುವುದು ಅಪರೂಪ. ಆದರೂ ಮೈನಸ್ ಪವರ್ ತುಂಬಾ ಇದ್ದವರು, ಇನ್ನೊಂದು ಕಣ್ಣಲ್ಲಿ ಮೊದಲೇ ಹಾಗಾದವರು, ಆಪರೇಷನ್ ವೇಳೆ ಲೆನ್ಸಿನ ಹಿಂದಿನ ಚೀಲ ಹರಿದವರು ಹುಷಾರಾಗಿರಬೇಕು, ಒಂದು ತಿಂಗಳಲ್ಲ, ವರ್ಷಗಟ್ಟಲೆ. ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಮಳೆ, ಮಿಂಚು ಹೊಡೆದಂತೆ ಬೆಳಕು, ಒಂದು ಪಕ್ಕದಿಂದ ಪರದೆ ಇಳಿದ ಹಾಗೆ ಕತ್ತಲು ಬಂದರೆ ಅವತ್ತೇ ಬನ್ನಿ. ರೆಟಿನಾ ಬರೀ ಹರಿದಿದ್ದರೆ ಸಾಮಾನ್ಯವಾಗಿ ಲೇಸರ್‌ನಲ್ಲೇ ಸುತ್ತ ಬೆಸುಗೆ ಹಾಕಬಹುದು. ಕಳಚಿಕೊಂಡರೆ ದೊಡ್ಡ ಆಪರೇಷನ್, ಮ್ಯಾಕುಲಾ ಕಳಚುವ ಮುಂಚೆ ಬಂದವರಿಗೂ ಆಮೇಲೆ ಬಂದವರಿಗೂ ದೃಷ್ಟಿಯಲ್ಲಿ ತುಂಬಾ ವ್ಯತ್ಯಾಸ. ಮೊದಲ ವಾರಗಳಲ್ಲಿ ನೋವು ಹೆಚ್ಚಾಗಿ, ಕಣ್ಣು ಕೆಂಪಾಗಿ, ದೃಷ್ಟಿ ಇಳಿದರೆ ಅದು ಸೋಂಕಿರಬಹುದು. ರಾತ್ರಿಯಾದರೂ ಸರಿ, ಬೆಳಗಾಗಲಿ ಅಂತ ಕಾಯಬೇಡಿ.

ಎಲ್ಲ ಮಸುಕೂ ರೆಟಿನಾದ್ದಲ್ಲ, ಅದೂ ನಿಜ. ಕೆಲವರಲ್ಲಿ ತಿಂಗಳುಗಳು, ವರ್ಷಗಳಾದ ಮೇಲೆ ಲೆನ್ಸಿನ ಹಿಂದಿನ ಆ ತೆಳು ಚೀಲ ಮಬ್ಬಾಗುತ್ತದೆ, ಯಾಗ್ ಅನ್ನುವ ಲೇಸರ್‌ನಲ್ಲಿ ಅದನ್ನು ತೆರೆಯುತ್ತೇವೆ. ಅದಕ್ಕೂ ಮುಂಚೆ ನಾನು ರೆಟಿನಾ ನೋಡಿಯೇ ನೋಡುತ್ತೇನೆ.

ಮನೆಯಲ್ಲಿ ಒಂದು ಕೆಲಸ ಮಾಡಿ. ಎರಡೂ ಕಣ್ಣು ತೆರೆದಿದ್ದರೆ ಚೆನ್ನಾಗಿರುವ ಕಣ್ಣು ಇನ್ನೊಂದರ ತೊಂದರೆಯನ್ನು ಮುಚ್ಚಿಹಾಕುತ್ತದೆ, ಅಲ್ವಾ? ವಾರಕ್ಕೊಮ್ಮೆ ಒಂದು ಕಣ್ಣು ಅಂಗೈಯಿಂದ ಮುಚ್ಚಿ, ಒತ್ತದೆ, ಇನ್ನೊಂದರಿಂದ ಬಾಗಿಲಿನ ಚೌಕಟ್ಟು ನೋಡಿ. ಆಮೇಲೆ ಬದಲಿಸಿ. ಗೆರೆ ಎಲ್ಲಾದರೂ ಡೊಂಕಾಗಿ ಕಂಡರೆ, ಯಾವ ಕಣ್ಣು, ಎಂದಿನಿಂದ ಅಂತ ಬರೆದುಕೊಂಡು ಆ ಚೀಟಿಯ ಜೊತೆ ಬಂದುಬಿಡಿ.