ಕಡ್ಡಿಗೆ ಸಿಹಿ ಗೊತ್ತಿಲ್ಲ

"ಮಾವ, ನನ್ನ ಬಿಯರ್ ಲೆಕ್ಕ ಯಾಕೋ ತಪ್ತಾ ಇದೆ."

ರಾತ್ರಿ ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದೆ. ಅಕ್ಕನ ಮಗ ಇಂಗ್ಲೆಂಡಿನಿಂದ ವಿಡಿಯೋ ಕಾಲ್ ಮಾಡಿದ್ದ. ಅಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು 1963ರಿಂದ ಲೈಸೆನ್ಸ್ ಬೇಕಿಲ್ಲ. ಇಲ್ಲಿ ಮದ್ದೂರಿನಲ್ಲಿ ಅದೇ ಕೆಲಸ ಮಾಡಿದರೆ ಅಬಕಾರಿಯವರು ಮನೆ ಬಾಗಿಲಿಗೆ ಬರುತ್ತಾರೆ. ಕಬ್ಬಿನ ಗದ್ದೆ ಬದುವಿನಲ್ಲಿ ಓಡಾಡಿಕೊಂಡು ಬೆಳೆದ ಹುಡುಗ ಈಗ ಅಡುಗೆಮನೆ ಮೂಲೆಯಲ್ಲಿ ದೊಡ್ಡ ಪ್ಲಾಸ್ಟಿಕ್ ಬಕೆಟ್ ಇಟ್ಟುಕೊಂಡು, ಕೈಯಲ್ಲಿ ಗಾಜಿನ ಕಡ್ಡಿ ಹಿಡಿದು ನಿಂತಿದ್ದಾನೆ.

ಆ ಕಡ್ಡಿ ನನಗೆ ಹಳೇ ಪರಿಚಯ. ನಮ್ಮೂರ ಹಾಲಿನ ಡೈರಿಯಲ್ಲಿ ಆರು ವರ್ಷ ಅದರ ತಮ್ಮನ ಜೊತೆ ಏಗಿದ್ದೇನೆ. ಅಲ್ಲಿ ಅದರ ಹೆಸರು ಲ್ಯಾಕ್ಟೋಮೀಟರ್, ಅವನ ಕೈಯಲ್ಲಿರುವುದು ಹೈಡ್ರೋಮೀಟರ್. ಎರಡರ ಕೆಲಸವೂ ಒಂದೇ. ದ್ರವ ದಪ್ಪ ಇದ್ದಷ್ಟೂ ಕಡ್ಡಿ ಮೇಲೆ ತೇಲುತ್ತದೆ, ತೆಳ್ಳಗಿದ್ದರೆ ಮುಳುಗುತ್ತದೆ. ನೀರಿನಲ್ಲಿ 1.000. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳಿನ, ಸಿಹಿನೀರಿನಲ್ಲಿ 1.046 ಬಂದರೆ, ಅದು ನೀರಿಗಿಂತ ಅಷ್ಟು ಭಾರ ಅಂತ ಅರ್ಥ. ಇದನ್ನೇ ಅವರು ಗ್ರಾವಿಟಿ ಅಂತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡಿದ ಹಾಗೆಲ್ಲ ಸಂಖ್ಯೆ ಇಳಿಯುತ್ತದೆ. ಮೊದಲಿನದಕ್ಕೂ ಕೊನೆಯದಕ್ಕೂ ಇರುವ ಅಂತರವನ್ನು 131ರಿಂದ ಗುಣಿಸಿದರೆ ಆಲ್ಕೋಹಾಲ್ ಶೇಕಡಾ ಎಷ್ಟು ಅಂತ ಸುಮಾರಾಗಿ ಸಿಗುತ್ತದೆ.

ಒಂದು ಮಾತು ಮಾತ್ರ ಮರೀಬಾರದು. ಕಡ್ಡಿಗೆ ಸಿಹಿ ಗೊತ್ತಿಲ್ಲ, ಭಾರ ಮಾತ್ರ ಗೊತ್ತು. ಡೈರಿಯಲ್ಲಿ ಇದನ್ನು ಕಲಿಸಿದವರು ಹಳೇ ಕಿಲಾಡಿಗಳು. ಒಳ್ಳೆ ಹಾಲು 1.028ರಿಂದ 1.032ರ ಒಳಗೆ ಇರುತ್ತದೆ. ನೀರು ಬೆರೆಸಿದರೆ ಇಳಿಯುತ್ತದೆ, ಸಿಕ್ಕಿಬೀಳುತ್ತಾರೆ. ಆದರೆ ಕೆನೆ ನೀರಿಗಿಂತ ಹಗುರ. ಮೊದಲು ಕೆನೆ ತೆಗೆದರೆ ಸಂಖ್ಯೆ ಏರುತ್ತದೆ. ಆಮೇಲೆ ನೀರು ಹಾಕಿದರೆ ಮತ್ತೆ ಸರಿಯಾದ ಜಾಗಕ್ಕೇ ಬಂದು ನಿಲ್ಲುತ್ತದೆ. ಎರಡು ಕಳ್ಳತನ, ಕಡ್ಡಿ ಮಾತ್ರ ಸಾಚಾ! ಡೈರಿಯಲ್ಲಿ ಕೊಬ್ಬಿನಂಶವನ್ನು ಬೇರೆಯಾಗಿ ನೋಡುವುದು ಇದಕ್ಕೇ.

ಈಗ ಹುಡುಗನ ಬಕೆಟ್ಟಿಗೆ ಬರೋಣ. ಅವನು ತಂದಿದ್ದು ಡಬ್ಬಿಯಲ್ಲಿ ಬರುವ ಮಾಲ್ಟ್ ಪಾಕ. ಬಿಸಿನೀರಲ್ಲಿ ಕರಗಿಸಿ, ಮೇಲೆ ತಣ್ಣೀರು ಸುರಿದು 23 ಲೀಟರ್ ಮಾಡಿದರೆ 1.046 ಬರಬೇಕು ಅಂತ ಡಬ್ಬಿ ಮೇಲೆ ಬರೆದಿದೆ. ಇವನು ಬಕೆಟ್ಟಿನ ತಳದ ನಲ್ಲಿಯಿಂದ ಹಿಡಿದು ನೋಡಿದರೆ 1.062.

"ಜಾಸ್ತಿ ಬಂದ್ರೆ ಒಳ್ಳೇದೇ ಅಲ್ವಾ?" ಅಂದೆ.

"ಎಲ್ಲಿಂದ ಬರುತ್ತೆ ಮಾವ?" ಅಂದ. ಸರಿಯಾದ ಪ್ರಶ್ನೆ. 1.046ರ ಕೊನೆಯ 46 ಅಂಕವನ್ನು 23 ಲೀಟರಿಗೆ ಗುಣಿಸಿದರೆ 1058. ಡಬ್ಬಿಯಲ್ಲಿ ಇರುವುದೇ ಅಷ್ಟು. 62ರ ಲೆಕ್ಕದಲ್ಲಿ 1426 ಆಗಬೇಕು. ಬಕೆಟ್ ಸುಮ್ನೆ ಸಕ್ಕರೆ ಹುಟ್ಟಿಸೋದಿಲ್ಲ. ಡಬ್ಬಿಯ ಪಾಕವೆಲ್ಲ ಬಿದ್ದಿದೆ, ನೀರಿನ ಅಳತೆಯೂ ಸರಿ ಇದೆ ಅಂದಮೇಲೆ ತಪ್ಪು ಅಳೆಯುವುದರಲ್ಲೇ ಇರಬೇಕು. ಕಾಳನ್ನೇ ಪುಡಿ ಮಾಡಿ ಬಿಸಿನೀರಲ್ಲಿ ನೆನೆಸಿ ಸಕ್ಕರೆ ಇಳಿಸುವವರಿಗೆ ಈ ಅನುಕೂಲ ಇಲ್ಲ. ಅಲ್ಲಿ ಪುಡಿ ದಪ್ಪವಾದರೂ ಗ್ರಾವಿಟಿ ನಿಜವಾಗಿಯೇ ಕಮ್ಮಿಯಾಗುತ್ತದೆ.

"ಮೇಲಿಂದ ಒಂದು ಲೋಟ ತಗೊಂಡು ನೋಡು" ಅಂದೆ. 1.030 ಬಂತು. ಒಂದೇ ಬಕೆಟ್, ತಳದಲ್ಲಿ 62, ಮೇಲೆ 30.

ರಾಮನವಮಿ ಪಾನಕ ಕುಡಿದವರಿಗೆ ಇದು ಹೊಸದಲ್ಲ. ಬೆಲ್ಲ ಸರಿಯಾಗಿ ಕದಡದಿದ್ದರೆ ಮೊದಲು ಬಂದವರಿಗೆ ಸಪ್ಪೆ ನೀರು, ಕೊನೆಯವರಿಗೆ ಗಂಟಲು ಕಟ್ಟುವಷ್ಟು ಸಿಹಿ. ಮಾಲ್ಟ್ ಪಾಕವೂ ಹಾಗೇ ತಳ ಹಿಡಿದಿತ್ತು. ಐದು ನಿಮಿಷ ಚೆನ್ನಾಗಿ ಕದಡಿ ನೋಡಿದ, 1.051. ಇನ್ನೂ ಐದು ಅಂಕ ಜಾಸ್ತಿ. ಹಾಗಾದರೆ ಕಡ್ಡಿಯನ್ನೇ ಪರೀಕ್ಷೆ ಮಾಡೋಣ ಅಂತ, 20 ಡಿಗ್ರಿಯ ಬರೀ ನೀರಿನಲ್ಲಿ ಬಿಡಿಸಿದೆ. 1.004! ಗಾಜಿನೊಳಗೆ ಸುತ್ತಿಟ್ಟಿರುವ ಅಂಕಿಗಳ ಕಾಗದ ಕೂದಲೆಳೆಯಷ್ಟು ಜಾರಿದರೂ ಹೀಗಾಗುತ್ತದೆ. ನಾಲ್ಕು ಕಳೆದರೆ 1.047. ಉಳಿದ ಒಂದು ಅಂಕವನ್ನು ಕಣ್ಣಿನ ಲೆಕ್ಕಕ್ಕೆ ಬಿಟ್ಟೆವು. ಕಡ್ಡಿ ಮೇಲೆ ಇನ್ನೂ ಅನುಮಾನ ಇದ್ದರೆ 20 ಗ್ರಾಂ ಸಕ್ಕರೆಯನ್ನು 180 ಗ್ರಾಂ ನೀರಿನಲ್ಲಿ ತೂಕ ಮಾಡಿಯೇ ಕರಗಿಸಿ ನೋಡಬಹುದು. ಸರಿಯಾದ ಕಡ್ಡಿ 1.040 ತೋರಿಸಬೇಕು.

ಅವನನ್ನು ನೋಡಿ ನಗಲು ನನಗೆ ಹಕ್ಕಿಲ್ಲ, ಬಿಸಿಯ ವಿಷಯದಲ್ಲಿ ಇದೇ ಕಡ್ಡಿ ನನ್ನನ್ನೂ ಏಮಾರಿಸಿದೆ. ಹೋದ ವರ್ಷ ಪಕ್ಕದೂರಿನ ಆಲೆಮನೆಗೆ ಹೈಡ್ರೋಮೀಟರ್ ಹಿಡಿದುಕೊಂಡು ಹೋಗಿದ್ದೆ. ಗಾಣದಿಂದ ಆಗತಾನೆ ಬಿದ್ದ ಕಬ್ಬಿನ ಹಾಲು 1.076 ತೋರಿಸಿತು. ಕೊಪ್ಪರಿಗೆಯಲ್ಲಿ ಕಾಯುತ್ತಿದ್ದ ಅದೇ ಹಾಲನ್ನು ಸೌಟಿನಲ್ಲಿ ತೆಗೆದು ನೋಡಿದರೆ 1.060. ಕಾದಷ್ಟೂ ನೀರು ಆರಿ ಗಟ್ಟಿಯಾಗಬೇಕಲ್ಲ, ಇದೇನು ಉಲ್ಟಾ ಅಂತ ತಲೆ ಕೆರೆದುಕೊಂಡೆ. ಪಾಕದ ಹದ ನೋಡುತ್ತಿದ್ದವರು ತಿರುಗಿಯೂ ನೋಡದೆ, "ಬಿಸಿ ಹಾಲು ತೆಳ್ಗಿರ್ತದೆ ಕಣಣ್ಣ, ಆರ್ಲಿ ಬುಡಿ" ಅಂದರು. ದ್ರವ ಬಿಸಿಯಾದರೆ ಹಿಗ್ಗುತ್ತದೆ, ಅದೇ ತೂಕ ಜಾಸ್ತಿ ಜಾಗಕ್ಕೆ ಹರಡುತ್ತದೆ, ಕಡ್ಡಿ ಮುಳುಗುತ್ತದೆ. 20 ಡಿಗ್ರಿಗೆ ಅಂತ ಮಾಡಿದ ಕಡ್ಡಿಯನ್ನು 30 ಡಿಗ್ರಿಯಲ್ಲಿ ಬಿಟ್ಟರೆ ಎರಡೂವರೆ ಅಂಕ ಕಮ್ಮಿ ತೋರಿಸುತ್ತದೆ, 40ರಲ್ಲಿ ಆರು, 60ರಲ್ಲಿ ಹದಿನೈದು. ನಮ್ಮ ಏಪ್ರಿಲ್‌ನಲ್ಲಿ ಬರೀ ನಲ್ಲಿ ನೀರೇ ಸುಳ್ಳು ಹೇಳುತ್ತದೆ. ಸರಿಪಡಿಸುವ ಕೋಷ್ಟಕಗಳಿವೆ. ಆದರೆ ಕುದಿಯುವಷ್ಟು ಬಿಸಿ ಇದ್ದಾಗ ಅವನ್ನು ನಂಬುವುದಕ್ಕಿಂತ ಲೋಟವನ್ನು ತಣ್ಣೀರಿನಲ್ಲಿ ಇಟ್ಟು ಹತ್ತು ನಿಮಿಷ ಕಾಯುವುದೇ ವಾಸಿ. ಗಾಜೂ ಉಳಿಯುತ್ತದೆ.

ಎರಡು ವಾರಕ್ಕೆ ಮತ್ತೆ ಫೋನ್. "ಮಾವ, 1.022ಕ್ಕೇ ನಿಂತುಬಿಟ್ಟಿದೆ. ಯೀಸ್ಟ್ ಸತ್ತೋಯ್ತಾ?" 1.010ರ ಹತ್ತಿರ ಇಳಿಯಬೇಕಿತ್ತು. ಯಾವುದರಲ್ಲಿ ನೋಡಿದೆ ಅಂದರೆ, ಹೊಸದಾಗಿ ತಂದ ರಿಫ್ರಾಕ್ಟೋಮೀಟರ್ ತೋರಿಸಿದ. ಎರಡು ಹನಿ ಹಾಕಿ ಬೆಳಕಿಗೆ ಹಿಡಿದು ನೋಡುವ ಕೊಳವೆ. ಅದರ ಅಳತೆ ಬ್ರಿಕ್ಸ್, ಅಂದರೆ ನೂರು ಗ್ರಾಂ ದ್ರವದಲ್ಲಿ ಎಷ್ಟು ಗ್ರಾಂ ಸಕ್ಕರೆ ಅಂತ. 1933ರಲ್ಲಿ ಶುರುವಾದ ನಮ್ಮ ಮೈಷುಗರ್ ಇರಲಿ, ಬೇರೆ ಯಾವ ಸಕ್ಕರೆ ಕಾರ್ಖಾನೆ ಇರಲಿ, ಕಬ್ಬಿನ ಹಾಲನ್ನು ಅಳೆಯುವುದು ಬ್ರಿಕ್ಸ್‌ನಲ್ಲೇ. ಬರೀ ಸಕ್ಕರೆ ನೀರಿಗೆ ಈ ಕೊಳವೆ ಒಳ್ಳೆಯದು. ಆದರೆ ಇದು ನೋಡುವುದು ಬೆಳಕು ಎಷ್ಟು ಬಾಗಿತು ಅಂತ. ಆಲ್ಕೋಹಾಲ್ ಕೂಡ ಬೆಳಕನ್ನು ನೀರಿಗಿಂತ ಜಾಸ್ತಿ ಬಾಗಿಸುತ್ತದೆ, ಕೊಳವೆ ಅದನ್ನೂ ಸಕ್ಕರೆ ಅಂತಲೇ ಎಣಿಸಿಕೊಳ್ಳುತ್ತದೆ. ಅವನಿಗೆ ಬಂದಿದ್ದು 5.7 ಬ್ರಿಕ್ಸ್. ಕೋಷ್ಟಕ ನೋಡಿ 1.022 ಅಂದುಕೊಂಡಿದ್ದ. ಮೊದಲಿನ ಸಂಖ್ಯೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಅದು 1.010ರ ಆಸುಪಾಸು.

ಹಳೇ ಕಡ್ಡಿ ತೆಗೆಸಿದೆ. ಮೊದಲು 1.018 ತೋರಿಸಿತು. ಕ್ಯಾಮೆರಾ ಹತ್ತಿರ ತರಿಸಿ ನೋಡಿದರೆ ಕಡ್ಡಿಯ ಹೊಟ್ಟೆಗೆ ಸಾಸಿವೆ ಕಾಳಿನಂಥ ಗುಳ್ಳೆಗಳು ಅಂಟಿಕೊಂಡು ಅದನ್ನು ಎತ್ತಿ ಹಿಡಿದಿದ್ದವು. ಬಿಯರನ್ನು ಎರಡು ಲೋಟಗಳ ನಡುವೆ ಕಾಫಿ ಆರಿಸೋ ಹಾಗೆ ನಾಲ್ಕು ಸಲ ಎತ್ತಿ ಸುರಿ, ಆಮೇಲೆ ಕಡ್ಡಿಯನ್ನು ಬುಗುರಿ ಥರ ಒಮ್ಮೆ ತಿರುಗಿಸಿ ಬಿಡು ಅಂದೆ. 1.014. ನಾಲ್ಕು ಕಳೆದರೆ 1.010. ಅಂದರೆ ಆಲ್ಕೋಹಾಲ್ ಸುಮಾರು 4.8.

ನಿಜವಾಗಿಯೂ ಯೀಸ್ಟ್ ನಿಂತುಬಿಡುವುದೂ ಉಂಟು. ಚಳಿಗೆ ಅದು ಮುದುರಿಕೊಂಡು ತಳ ಸೇರುತ್ತದೆ. ಕಾಳು ನೆನೆಸುವಾಗ ನೀರು 70 ಡಿಗ್ರಿ ಮುಟ್ಟಿದ್ದರೆ ಯೀಸ್ಟಿಗೆ ಅರಗದ ಉದ್ದುದ್ದ ಸಕ್ಕರೆಗಳು ಜಾಸ್ತಿ ಉಳಿಯುತ್ತವೆ. ಯಾವುದೇ ಆಗಲಿ, ಎರಡು ಮೂರು ದಿನ ಬಿಟ್ಟು ನೋಡಿದರೂ ಸಂಖ್ಯೆ ಕದಲದೆ ಇರಬೇಕು, ಅಲ್ಲಿವರೆಗೆ ಬಾಟಲಿಗೆ ತುಂಬಲೇಬಾರದು. ಇದೊಂದನ್ನು ಅವನಿಗೆ ಗದರಿಸಿಯೇ ಹೇಳಿದೆ. ಲೀಟರಿಗೆ ಬರೀ 4 ಗ್ರಾಂ ಸಕ್ಕರೆ ಉಳಿದು ಮುಚ್ಚಿದ ಬಾಟಲಿಯಲ್ಲಿ ಹುಳಿತರೂ ಸುಮಾರು ಒಂದು ಲೀಟರ್ ಅನಿಲ ಹುಟ್ಟುತ್ತದೆ. 1.020ರಲ್ಲಿ ತುಂಬಿ ಅದು ಒಳಗೇ 1.010ಕ್ಕೆ ಇಳಿದರೆ ಐದು ಲೀಟರ್. ಅಷ್ಟು ಒತ್ತಡಕ್ಕೆ ಗಾಜು ಸಿಡಿಯುತ್ತದೆ.

"1.000ಕ್ಕಿಂತ ಕೆಳಗೆ ಹೋದ್ರೆ ಕಡ್ಡಿ ಕೆಟ್ಟಿದೆ ಅಂತಾನಾ?" ಅಂತ ಕೇಳಿದ. ಇಲ್ಲ. ಆಲ್ಕೋಹಾಲಿನ ಸಾಂದ್ರತೆ 0.789, ನೀರಿಗಿಂತ ಹಗುರ. ಬಿಯರಿನಲ್ಲಿ ಅರಗದ ಸಕ್ಕರೆಗಳು ಉಳಿಯುವುದರಿಂದ ಸಂಖ್ಯೆ ಮೇಲೇ ನಿಲ್ಲುತ್ತದೆ. ಕಬ್ಬಿನ ಸಕ್ಕರೆಯಾದರೆ ಯೀಸ್ಟ್ ನೆಕ್ಕಿ ಮುಗಿಸುತ್ತದೆ. ನಮ್ಮ ಮನೆಯ ಜಾಡಿಯೊಂದರಲ್ಲಿ ನೀರು ಬೆರೆಸಿ 1.050ಕ್ಕೆ ಇಳಿಸಿದ ಕಬ್ಬಿನ ಹಾಲು ಇತ್ತು. ಅದು ವಿನೆಗರಿಗೆ ಇಟ್ಟಿದ್ದು, ಅಬಕಾರಿಯವರು ಓದುತ್ತಿದ್ದರೆ ಗಮನಿಸಲಿ. 0.996ಕ್ಕೆ ಇಳಿದಾಗ ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿ ಗಾಳಿಗೆ ಬಿಟ್ಟೆ. ಈಗ ಆಲ್ಕೋಹಾಲ್ ಹುಳಿಯಾಗಿ ಬದಲಾಗುತ್ತಿದೆ. ಹುಳಿ ನೀರಿಗಿಂತ ಭಾರ. ನಿನ್ನೆ ನೋಡಿದರೆ 1.001. ಚಿಟಿಕೆ ಸಕ್ಕರೆಯನ್ನೂ ಹಾಕಿಲ್ಲ, ಕಡ್ಡಿ ಮೇಲಕ್ಕೆ ಏಳುತ್ತಿದೆ.