ಕರೆಂಟಿಲ್ಲ, ನಳ್ಳಿಯಲ್ಲಿ ನೀರಿಲ್ಲ. ಸ್ನಾನಕ್ಕೆ ಎಷ್ಟು ಚೆಂಬು ಸಾಕು?

ಪ್ರಶ್ನೆ: ನಾವು ಮಂಗಳೂರಿನಲ್ಲಿ ಫ್ಲಾಟಿನಲ್ಲಿರುವವರು, ಮನೆಯಲ್ಲಿ ನಾಲ್ಕು ಜನ. ಜೋರು ಗಾಳಿಮಳೆಗೆ ಕರೆಂಟು ಹೋದರೆ ಪಂಪು ಇಲ್ಲ, ಮೇಲಿನ ಟ್ಯಾಂಕು ಮಧ್ಯಾಹ್ನದೊಳಗೆ ಖಾಲಿ. ಮೇ ತಿಂಗಳಲ್ಲಿ ಕರೆಂಟು ಇದ್ದರೂ ನೀರಿಲ್ಲ. ಇಂಥ ದಿನ ಸ್ನಾನ ಬಿಟ್ಟೇಬಿಡಬೇಕಾ? ಒಬ್ಬರಿಗೆ ಕಡಿಮೆ ಅಂದರೆ ಎಷ್ಟು ನೀರು ಬೇಕು?

ಬಿಡಬೇಕಾಗಿಲ್ಲ. ತಲೆಗೆ ಹಾಕದಿದ್ದರೆ ಒಬ್ಬರಿಗೆ 4 ಲೀಟರ್ ಧಾರಾಳ ಸಾಕು. ತೀರಾ ಗತಿಯಿಲ್ಲದ ದಿನ ಒಂದೇ ಚೆಂಬಿನಲ್ಲೂ ಮುಗಿಸಬಹುದು. ಆದರೆ ನೀವು ಕೇಳದ ಒಂದು ವಿಷಯವಿದೆ, ನನಗೆ ಅದೇ ಹೆಚ್ಚು ಅನಿಸುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಮೈ ಕೆಡುವುದು ನೀರು ಕಡಿಮೆ ಬಿದ್ದದ್ದಕ್ಕಲ್ಲ, ಒದ್ದೆ ಆರದೆ ಉಳಿದದ್ದಕ್ಕೆ. ಹಾಗಾಗಿ ಬಕೆಟಿಗಿಂತ ಮೊದಲು ಬೈರಾಸು ಹುಡುಕಿ.

ಹೌದು, ಅದೇ ತೆಳ್ಳಗಿನ ಹತ್ತಿಯ ಬೈರಾಸು, ಅಜ್ಜಂದಿರು ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದದ್ದು. ನಾನು ಇದನ್ನು ಕಲಿತದ್ದು ಪೆಟ್ಟು ತಿಂದೇ. ಒಂದು ಜೂನ್‌ನಲ್ಲಿ ಮರ ಬಿದ್ದು ನಮ್ಮ ಕಡೆ ಮೂರು ದಿನ ಕರೆಂಟಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಎಂದಿನಂತೆ ಎರಡು ಬಕೆಟ್ ಸುರಿದುಕೊಂಡೆ, ಮಧ್ಯಾಹ್ನ ನಳ್ಳಿ ತಿರುಗಿಸಿದರೆ ಬರೀ ಗಾಳಿ. ಆಮೇಲೆ ಮಗುವಿಗೆ ತಂದಿಟ್ಟ ಒದ್ದೆ ವೈಪ್ಸಿನಲ್ಲಿ ಮೈ ಒರೆಸಿಕೊಂಡೆ. ಅದರ ಅಂಟು ಹೋಗಲೇ ಇಲ್ಲ. ದಪ್ಪ ಟರ್ಕಿ ಟವಲು ಮೂರೂ ದಿನ ಒಣಗದೆ ಮುಗ್ಗಲು ವಾಸನೆ ಹೊಡೆಯಿತು, ನಾನು ಅದರಲ್ಲೇ ಒರೆಸಿಕೊಂಡೆ. ಕೊನೆಗೆ ತೊಡೆಸಂದಿಯಲ್ಲಿ ತುರಿಕೆ ಎದ್ದು ವಾರಗಟ್ಟಲೆ ಕಾಡಿತು. ಬೈರಾಸಾದರೆ ಹಿಂಡಿ ಕಿಟಕಿಗೆ ಹಾಕಿದರೆ ಮಳೆಗಾಲದಲ್ಲೂ ಒಂದಷ್ಟು ಹೊತ್ತಿಗೆ ಆರುತ್ತದೆ. ಮನೆಯಲ್ಲಿ ಒಬ್ಬೊಬ್ಬರಿಗೆ ಎರಡೆರಡು ಇರಲಿ, ಒಬ್ಬರದ್ದು ಇನ್ನೊಬ್ಬರು ಮುಟ್ಟುವುದು ಬೇಡ. ಹುಳಕಡ್ಡಿ ಮನೆಯಲ್ಲಿ ಹರಡುವುದು ಹೀಗೇ. ಒಂದು ವೇಳೆ ಎದ್ದರೆ ಮೆಡಿಕಲ್‌ನಲ್ಲಿ ಸುಮ್ನೆ ಕೇಳಿ ಸ್ಟಿರಾಯ್ಡ್ ಬೆರೆಸಿದ ಕ್ರೀಮು ತಂದು ಹಚ್ಚಬೇಡಿ. ಎರಡು ದಿನ ತುರಿಕೆ ಇಳಿದ ಹಾಗೆ ಕಾಣುತ್ತದೆ, ಆಮೇಲೆ ಮೊದಲಿಗಿಂತ ಜಾಸ್ತಿ ಹಬ್ಬುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ.

ಈಗ ಲೆಕ್ಕಕ್ಕೆ ಬರೋಣ. ಶವರಿನ ಕೆಳಗೆ ಹತ್ತು ನಿಮಿಷ ನಿಂತರೆ 80 ಲೀಟರ್ ಸುಲಭವಾಗಿ ಹೋಗುತ್ತದೆ. ನಗರಗಳಿಗೆ ಸರ್ಕಾರ ಇಟ್ಟುಕೊಂಡ ಅಳತೆ ಒಬ್ಬರಿಗೆ ದಿನಕ್ಕೆ 135 ಲೀಟರ್. ನೆರೆ, ಭೂಕಂಪದಂಥ ಕಡೆ ಕೆಲಸ ಮಾಡುವವರು ಪಾಲಿಸುವ ಸ್ಫಿಯರ್ ಮಾನದಂಡದಲ್ಲಿ ಕನಿಷ್ಠ 15 ಲೀಟರ್, ಅದೂ ಕುಡಿಯಲು, ಅಡುಗೆಗೆ, ಸ್ವಚ್ಛತೆಗೆ ಎಲ್ಲಾ ಸೇರಿ. ನಿಮ್ಮ ನಾಲ್ಕು ಜನಕ್ಕೆ ಆ ಲೆಕ್ಕದಲ್ಲಿ ದಿನಕ್ಕೆ 60 ಲೀಟರ್. 200 ಲೀಟರಿನ ಒಂದು ಡ್ರಮ್ಮು ತುಂಬಿಟ್ಟರೆ ಮೂರು ದಿನ ದಾಟುತ್ತದೆ, ಅದರ ಮೇಲೆ ಒಂದು ಬಕೆಟಿನಷ್ಟು ಉಳಿಯುತ್ತದೆ ಕೂಡ.

ಅಷ್ಟು ಕಡಿಮೆಯಲ್ಲಿ ಸ್ನಾನ ಹೇಗೆ ಅಂದರೆ, ಮೊದಲು ಒಂದು ಮಾತು ತಿಳಿದುಕೊಳ್ಳಿ. ಆಗಷ್ಟೇ ಬಂದ ಬೆವರಿಗೆ ವಾಸನೆಯೇ ಇಲ್ಲ. ಕಂಕುಳು, ತೊಡೆಸಂದಿಯಂಥ ಜಾಗದಲ್ಲಿ ಬರುವ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾ ಒಡೆದಾಗ ಮಾತ್ರ ವಾಸನೆ. ಹಾಗಾಗಿ ಸಾಬೂನು ಬೇಕಾದ್ದು ನಾಲ್ಕೈದು ಜಾಗಕ್ಕೆ ಅಷ್ಟೇ. ಕೈಕಾಲು, ಬೆನ್ನು, ಹೊಟ್ಟೆಗೆ ದಿನಾ ಸಾಬೂನು ಉಜ್ಜುವುದು ನಮ್ಮ ಅಭ್ಯಾಸ. ಹಚ್ಚಿದ ಸಾಬೂನನ್ನು ತೊಳೆದು ತೆಗೆಯಲಿಕ್ಕೇ ನೀರಿನ ಬಹುಪಾಲು ಖರ್ಚಾಗುವುದು.

ಒಂದು ಅಗಲದ ಬೋಗುಣಿ ಅಥವಾ ಬಟ್ಟೆ ತೊಳೆಯುವ ಟಬ್ಬಿನೊಳಗೆ ನಿಂತುಕೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲ ಲೀಟರಿನಲ್ಲಿ ಬೈರಾಸು ಅದ್ದಿ ಹಿಂಡಿ ಇಡೀ ಮೈ ಒಮ್ಮೆ ಉಜ್ಜಿ ಒರೆಸಿ, ಮುಖದಿಂದ ಶುರು ಮಾಡಿ ಕೆಳಗೆ ಬನ್ನಿ. ಬೆವರಿನ ಉಪ್ಪು, ಧೂಳು ಅರ್ಧ ಇಲ್ಲೇ ಹೋಗುತ್ತದೆ. ಆಮೇಲೆ ಕಂಕುಳು, ತೊಡೆಸಂದಿ, ಹಿಂಭಾಗ, ಪಾದಕ್ಕೆ ಸ್ವಲ್ಪವೇ ಸಾಬೂನು. ಉಳಿದ ಮೂರು ಲೀಟರ್ ಹೆಗಲ ಮೇಲಿಂದ ನಿಧಾನಕ್ಕೆ. ಚೆಂಬಿನಲ್ಲಿ ಸುರಿದರೆ ಒಂದೇ ಏಟಿಗೆ ಹೋಗಿಬಿಡುತ್ತದೆ, ಲೋಟ ಒಳ್ಳೆಯದು. ಇನ್ನೂ ಒಳ್ಳೆಯದು ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಮುಚ್ಚಳಕ್ಕೆ ಕಾಯಿಸಿದ ಸೂಜಿಯಲ್ಲಿ ಏಳೆಂಟು ತೂತು ಮಾಡಿ. ಬಗ್ಗಿಸಿ ಒತ್ತಿದರೆ ಶವರು, ಮಕ್ಕಳಿಗಂತೂ ಆಟ.

ಒಂದೇ ಚೆಂಬು ಇದ್ದ ದಿನ ಸಾಬೂನನ್ನು ಬಿಟ್ಟೇಬಿಡಿ. ತೊಳೆಯದೆ ಉಳಿದ ಸಾಬೂನು ಬೆವರಿಗಿಂತ ಜಾಸ್ತಿ ಉರಿಸುತ್ತದೆ. ಬರೀ ನೀರಿನ ಬಟ್ಟೆಯಲ್ಲಿ ಮುಖ, ಕುತ್ತಿಗೆ, ಕಂಕುಳು, ಎದೆಯ ಕೆಳಗೆ, ಕೊನೆಗೆ ತೊಡೆಸಂದಿ, ಹಿಂಭಾಗ, ಪಾದ. ಈ ಕ್ರಮ ತಪ್ಪಿಸಬೇಡಿ. ಮಲಗಿದಲ್ಲೇ ಇರುವ ಹಿರಿಯರಿಗೂ ಇದೇ ಕ್ರಮ, ಕೊನೆಯ ಭಾಗಕ್ಕೆ ಬೇರೆ ಬಟ್ಟೆ, ಬೇರೆ ನೀರು. ಮುಟ್ಟಿನ ದಿನಗಳಲ್ಲಿ ಹೊರಭಾಗವನ್ನು ಬರೀ ನೀರಿನಲ್ಲಿ ತೊಳೆದರೆ ಸಾಕು. ಮನೆಯಲ್ಲಿ ಯಾರದ್ದಾದರೂ ಪಾಲಿಗೆ ಒಂದು ಲೀಟರ್ ಜಾಸ್ತಿ ಹೋಗುವುದಾದರೆ ಅದು ಅವರಿಗೆ ಹೋಗಲಿ. ಇದನ್ನು ಅವರು ಬಾಯಿಬಿಟ್ಟು ಕೇಳುವ ಹಾಗೆ ಮಾಡಬೇಡಿ.

ಸ್ನಾನ ಆದ ಮೇಲೆ ಅರ್ಜೆಂಟಿನಲ್ಲಿ ಬಟ್ಟೆ ಹಾಕಿಕೊಳ್ಳುವುದೇ ತಪ್ಪು. ಫ್ಯಾನು ಬೇರೆ ಇಲ್ಲ. ಒಣ ಬೈರಾಸಿನಲ್ಲಿ ಬೆರಳ ಸಂದು ಸಂದು ಒರೆಸಿ, ಲುಂಗಿಯೋ ನೈಟಿಯೋ ಸಡಿಲಾಗಿ ಸುತ್ತಿಕೊಂಡು ಕಿಟಕಿಯ ಹತ್ತಿರ ಐದು ನಿಮಿಷ ಕೂತುಬಿಡಿ. ಪೌಡರು ಸುರಿಯಬೇಡಿ, ಸಂದಿಯಲ್ಲಿ ಬೆವರಿನ ಜೊತೆ ಸೇರಿ ಹಿಟ್ಟಾಗಿ ಕೂರುತ್ತದೆ. ಒಳಉಡುಪು ದಿನಾ ಬದಲಾಗಬೇಕು, ಸ್ನಾನ ತಪ್ಪಿದರೂ ಇದು ತಪ್ಪಬಾರದು. ತೆಳು ಹತ್ತಿಯದ್ದನ್ನು ಒಂದೂವರೆ ಲೀಟರಿನಲ್ಲಿ ತೊಳೆಯಬಹುದು.

ಬಿಸಿನೀರು? ಮೇ ತಿಂಗಳಿಗೆ ಅದರ ಪ್ರಶ್ನೆಯೇ ಇಲ್ಲ. ಮಳೆಗಾಲಕ್ಕೆ ಗ್ಯಾಸಿನಲ್ಲಿ ಒಂದು ಲೀಟರ್ ಕುದಿಸಿ ನಾಲ್ಕು ಲೀಟರ್ ತಣ್ಣೀರಿಗೆ ಬೆರೆಸಿ. ನಮ್ಮಲ್ಲಿ ತಣ್ಣೀರೇ 27 ಡಿಗ್ರಿಯ ಆಸುಪಾಸು ಇರುವುದರಿಂದ ಒಟ್ಟು 41 ಡಿಗ್ರಿ ಹತ್ತಿರ ಬರುತ್ತದೆ, ಮೈಗೆ ಹಿತವಾದ ಬಿಸಿ. ಐದು ಲೀಟರನ್ನೂ ಒಲೆಯ ಮೇಲಿಟ್ಟು ಕಾಯುವ ಅಗತ್ಯವಿಲ್ಲ. ಬ್ರಹ್ಮಾವರದ ಕಡೆಯ ನನ್ನ ಅಜ್ಜಿಮನೆಯಲ್ಲಿ ಈ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಬಚ್ಚಲಿನ ಹಂಡೆಗೆ ಒಲೆಯ ಬಾಯಿ ಹೊರಗಡೆ, ಕೊತ್ತಳಿಗೆ, ಗೆರಟೆ, ತೆಂಗಿನ ಸಿಪ್ಪೆ ತುರುಕಿದರೆ ರಾತ್ರಿವರೆಗೂ ಬಿಸಿ. ದೀಪಾವಳಿಯ ಮುನ್ನಾ ದಿನ ಆ ಹಂಡೆಯನ್ನು ತಿಕ್ಕಿ ತೊಳೆದು, ಬಳ್ಳಿ ಸುತ್ತಿ, ನೀರು ತುಂಬುವುದೇ ಒಂದು ಹಬ್ಬ. ಈಗ ಅಲ್ಲೂ ಗೀಸರು ಬಂದಿದೆ, ಕರೆಂಟು ಹೋದರೆ ಅವರೂ ನಮ್ಮ ಹಾಗೇ. ಒಂದು ಎಚ್ಚರಿಕೆ: ಹಂಡೆ ಇಲ್ಲ ಅಂತ ಬಾಗಿಲು ಮುಚ್ಚಿದ ಬಾತ್‌ರೂಮಿನೊಳಗೆ ಇದ್ದಿಲಿನ ಒಲೆ ಇಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ತಲೆಸುತ್ತು ಬಂತು ಅನ್ನುವಷ್ಟರಲ್ಲಿ ಕಾಲು ಎತ್ತಲಾಗುವುದಿಲ್ಲ.

ತಲೆಸ್ನಾನವನ್ನು ನಾಲ್ಕೈದು ದಿನ ಮುಂದೆ ಹಾಕಿ. ಹಾಕಲೇಬೇಕಾದರೆ ಶಾಂಪೂವನ್ನು ಅರ್ಧ ಲೋಟ ನೀರಿನಲ್ಲಿ ಮೊದಲೇ ಕಲಸಿಕೊಂಡು ಬುಡಕ್ಕೆ ಮಾತ್ರ ಹಚ್ಚಿ, ಗಿಡ್ಡ ಕೂದಲಿಗೆ 3 ಲೀಟರ್ ಸಾಕು. ದಾಸವಾಳದ ಗೊಂಪು ನನಗೂ ಇಷ್ಟವೇ. ಆದರೆ ಆ ಲೋಳೆ ಹೋಗಲು ಎರಡು ಬಕೆಟ್ ಬೇಕು, ಇವತ್ತಿಗೆ ಅದು ಬೇಡ.

ನೀರು ಎಲ್ಲಿಂದ ಅನ್ನುವುದು ಮಳೆಗಾಲಕ್ಕೂ ಬೇಸಿಗೆಗೂ ಬೇರೆ ಬೇರೆ. ಮಂಗಳೂರಿಗೆ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿ ಬಹುಕಾಲ ನೆಚ್ಚಿಕೊಂಡದ್ದು ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನು. 2019ರ ಬೇಸಿಗೆಯಲ್ಲಿ ಎರಡೂ ಊರು ನೀರಿಗೆ ಪರದಾಡಿದವು. 2023ರ ಮೇನಲ್ಲಿ ಮಂಗಳೂರಿಗೆ ಮತ್ತೆ ದಿನ ಬಿಟ್ಟು ದಿನ ನೀರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಸುರಿಯುವ ಊರಿನ ಪಾಡು ಇದು. ಆದರೆ ಮಳೆ ಬರುತ್ತಿರುವಾಗಲೇ ನೀರಿಲ್ಲ ಅಂತ ಕೂರುವುದು ನನಗೆ ಅರ್ಥವಾಗುವುದಿಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಬಾಲ್ಕನಿಯ ನಾಲ್ಕು ಚದರ ಮೀಟರಿನ ಶೀಟಿನಿಂದ, 50 ಮಿಲಿಮೀಟರ್ ಮಳೆಗೆ, 200 ಲೀಟರ್ ಇಳಿಯುತ್ತದೆ. ಮೊದಲ ಹತ್ತು ನಿಮಿಷದ್ದು ಬಿಟ್ಟುಬಿಡಿ, ಅದರಲ್ಲಿ ಕಾಗೆ, ಪಾರಿವಾಳದ ಹೇಲು ಇರುತ್ತದೆ. ಉಳಿದದ್ದು ಸ್ನಾನಕ್ಕೆ ಚೆನ್ನಾಗಿದೆ. ಮಳೆನೀರು ಮೆದು, ಸಾಬೂನು ಬೇಗ ನೊರೆಯಾಗುತ್ತದೆ, ಹಾಗಾಗಿ ಎಂದಿನ ಅರ್ಧ ಹಚ್ಚಿ.

ಅಕ್ಕಪಕ್ಕ ಬಾವಿ ಇದ್ದರೆ ಹೋಗಿ ಕೇಳಿ. ಪಂಪು ನಿಂತಿರುತ್ತದೆ, ನೀರು ಅಲ್ಲೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ರಾಟೆ ತುಕ್ಕು ಹಿಡಿದಿದೆ, ಹಗ್ಗವೇ ಇಲ್ಲ. ಒಂದು ಹಗ್ಗ, ಒಂದು ಕೊಡಪಾನ ನೀವೇ ತೆಗೆದುಕೊಂಡು ಹೋದರೆ ಯಾರೂ ಬೇಡ ಅನ್ನುವುದಿಲ್ಲ, ಅವರ ಮನೆಗೂ ಎರಡು ಕೊಡ ಸೇದಿ ಕೊಟ್ಟು ಬನ್ನಿ.

ಪಣಂಬೂರಿಗೋ ಮಲ್ಪೆಗೋ ಹೋಗಿ ಮುಳುಗಿ ಬಂದರಾಯ್ತಲ್ವಾ ಅಂತ ಕೇಳುವವರಿದ್ದಾರೆ. ಉಪ್ಪು ಗಾಳಿಯ ತೇವ ಎಳೆದುಕೊಂಡು ಮೈ ಅಂಟಂಟಾಗಿಯೇ ಇರುತ್ತದೆ, ಹೇಗಿದ್ದರೂ ಎರಡು ಚೆಂಬು ಸಿಹಿನೀರು ಬೇಕು. ಮಳೆಗಾಲದ ಕಡಲಿಗಂತೂ ಇಳಿಯಲೇಬೇಡಿ. ರಸ್ತೆಯಲ್ಲಿ ನಿಂತ ನೀರು ಇನ್ನೂ ಕೆಟ್ಟದ್ದು. ಕಾಲಿನಲ್ಲಿ ಸಣ್ಣ ಗಾಯ ಇದ್ದರೂ ಇಲಿಜ್ವರ ಅಲ್ಲಿಂದ ಹತ್ತುತ್ತದೆ. ಅಂಥ ನೀರಿನಲ್ಲಿ ನಡೆದು ಬಂದ ದಿನ, ಮನೆಯಲ್ಲಿ ಇರುವುದು ಒಂದೇ ಲೀಟರ್ ಆದರೆ, ಅದನ್ನು ಸಾಬೂನು ಹಚ್ಚಿ ಕಾಲು ತೊಳೆಯಲಿಕ್ಕೆ ಬಳಸಿ, ಸ್ನಾನ ನಾಳೆ ನೋಡಿಕೊಳ್ಳಬಹುದು. ಕೈ ತೊಳೆಯುವುದರಲ್ಲೂ ಉಳಿತಾಯ ಬೇಡ, ಸಾಬೂನು ಹಚ್ಚಿ 20 ಸೆಕೆಂಡ್ ಉಜ್ಜಿ. ಆ ತೂತಿನ ಬಾಟಲಿಯಿಂದಾದರೆ ಒಂದು ಲೋಟದಷ್ಟು ನೀರಿನಲ್ಲಿ ಆಗುತ್ತದೆ. ಸ್ಯಾನಿಟೈಸರಿಗೆ ಮಣ್ಣು, ಜಿಡ್ಡು ಹೋಗುವುದಿಲ್ಲ.

ಟಬ್ಬಿನಲ್ಲಿ ನಿಲ್ಲಿ ಅಂದೆನಲ್ಲ, ಅದು ಟಾಯ್ಲೆಟ್ಟಿಗೆ. ನಾಲ್ಕು ಜನರ ಸ್ನಾನದ ನೀರು ಸೇರಿದರೆ 16 ಲೀಟರ್. ಬಕೆಟಿಗೆ ಬಗ್ಗಿಸಿ ಒಂದೇ ಸಲ ರಭಸವಾಗಿ 5 ಲೀಟರ್ ಸುರಿದರೆ ಫ್ಲಶ್ ಆಗುತ್ತದೆ, ಚೂರು ಚೂರು ಸುರಿದರೆ ಎಷ್ಟಾದರೂ ಹೋಗುವುದಿಲ್ಲ. ಒಳ್ಳೆಯ ನೀರನ್ನು ಅಲ್ಲಿಗೆ ಸುರಿಯುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ತುಂಬಿಟ್ಟ ಡ್ರಮ್ಮಿಗೆ ಮುಚ್ಚಳ ಬೇಕೇ ಬೇಕು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲೇ. 2019ರಲ್ಲಿ, ಬೇಸಿಗೆಯ ನೀರಿನ ಗೋಳು ಮುಗಿದು ಮಳೆ ಶುರುವಾದ ಮೇಲೆ, ಡೆಂಗ್ಯೂ ಮಂಗಳೂರನ್ನು ಹೇಗೆ ಹಿಡಿದಿತ್ತು ಅಂತ ನೆನಪಿರಬಹುದು. ಮುಚ್ಚಳ ಇಲ್ಲದಿದ್ದರೆ ಹಳೆ ಪಂಚೆ ಬಿಗಿಯಾಗಿ ಕಟ್ಟಿ. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗಿನ ಗೋಡೆ ತಿಕ್ಕಿ, ಮೊಟ್ಟೆ ಅಲ್ಲಿ ಅಂಟಿಕೊಂಡಿರುತ್ತದೆ, ಬರೀ ನೀರು ಚೆಲ್ಲಿದರೆ ಅದು ಹೋಗುವುದಿಲ್ಲ.

ಕೊನೆಯದು, ರಾತ್ರಿ ಮಲಗುವ ಮೊದಲು ಎಲ್ಲಾ ನಳ್ಳಿ ಮುಚ್ಚಿದೆಯಾ ನೋಡಿ. ನೀರು ಬಂತಾ ಬಂತಾ ಅಂತ ಹಗಲಿಡೀ ತಿರುಗಿಸಿ ನೋಡುತ್ತಿರುತ್ತೇವೆ, ಯಾವ ಕಡೆ ತಿರುಗಿಸಿಟ್ಟೆವೋ ನೆನಪಿರುವುದಿಲ್ಲ. ಆ ಮೂರನೆಯ ದಿನ ನಮ್ಮಲ್ಲಿ ಕರೆಂಟು ಬಂದದ್ದು ನಸುಕಿನ ಮೂರು ಗಂಟೆಗೆ. ಪಂಪು ತಾನಾಗಿ ಶುರುವಾಗಿದೆ, ಟ್ಯಾಂಕು ತುಂಬಿದೆ, ಬಾತ್‌ರೂಮಿನಲ್ಲಿ ನಾನು ಬಿಟ್ಟಿದ್ದ ನಳ್ಳಿಯಿಂದ ಅದು ಹಾಗೇ ಇಳಿದು ಹೋಗಿದೆ. ಬೆಳಿಗ್ಗೆ ಎದ್ದವನು ಮತ್ತೆ ಅದೇ ಬಾಟಲಿ ಹಿಡಿದು ಟಬ್ಬಿನೊಳಗೆ ನಿಂತೆ.